ಹಿಟ್ಟಿನ ಮಿಲ್ಲಿನಲ್ಲಿ ಗುಟ್ಟಿನ ಮಾತು

ನಮ್ಮ ಕೆಲಸಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಗಂಟಲು. ಹೀಗೆಂದರೆ ಈಗ ಕೆಲಸಕ್ಕೆ ಸೇರುವ ಹುಡುಗಿಯರು ನಗುತ್ತಾರೆ. ಮೆಲುದನಿಯಲ್ಲಿ ಮಾತಾಡಬೇಕು, ಎದುರಿಗಿರುವವರ ಮುಖ ನೋಡಬೇಕು, ನಡುನಡುವೆ ತಲೆಯಾಡಿಸಬೇಕು ಎಂದು ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ನನಗೂ ಹೇಳಿಕೊಟ್ಟಿದ್ದರು. ತಲೆಯಾಡಿಸುವುದೊಂದನ್ನು ಬಿಟ್ಟರೆ ಉಳಿದದ್ದು ಯಾವುದೂ ಉದಯಗಿರಿ ಬಡಾವಣೆಯಲ್ಲಿ ನಡೆಯಲಿಲ್ಲ. ಅಲ್ಲಿ ನಾನು ವರ್ಷಗಟ್ಟಲೆ ಕಿರುಚಿಕೊಂಡೇ ಜನರಿಗೆ ಸಮಾಧಾನ ಹೇಳಿದ್ದೇನೆ.

ನಾನು ಮೈಸೂರಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದವಳು. ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ಅದನ್ನು ರೋಗಿ ನುಂಗಿದರೇ, ನುಂಗಲು ಮನೆಯವರು ಬಿಟ್ಟರೇ, ನುಂಗಿದವರನ್ನು ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿದರೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಯಾವಾಗ ಸೇರಿದೆ, ಯಾವಾಗ ಬಡ್ತಿ ಸಿಕ್ಕಿತು ಎಂದೆಲ್ಲ ಬರೆಯಲು ಹೋಗುವುದಿಲ್ಲ. ಅದರಿಂದ ನಿಮಗೆ ಉಪಯೋಗವಿಲ್ಲ, ನನಗೂ ಹೇಳಿಕೊಳ್ಳುವಂಥ ಉಪಯೋಗವೇನೂ ಆಗಲಿಲ್ಲ. ಮುಂದೆ ಬರುವ ಹೆಸರುಗಳನ್ನು ಬದಲಿಸಿದ್ದೇನೆ. ಮಾತುಗಳನ್ನು ಬದಲಿಸಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮನೆ ಭೇಟಿಗೆಂದು ನಮಗೊಂದು ಜೀಪು ಕೊಟ್ಟಿದ್ದರು. ಅದರ ಎರಡು ಪಕ್ಕಕ್ಕೂ 'ಮಾನಸಿಕ ಆರೋಗ್ಯ ಸೇವೆ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಆ ಜೀಪು ಬೀದಿಯ ತಿರುವಿಗೆ ಬಂದರೆ ಸಾಕು, "ಯಾರ್ನೋ ಹಿಡ್ಕೊಂಡೋಗಕ್ಕೆ ಬಂದವ್ರೆ" ಎಂದು ಮಕ್ಕಳು ಹಿಂದೆ ಓಡಿ ಬರುತ್ತಿದ್ದವು. ನಾವು ಹುಡುಕಿಕೊಂಡು ಹೋದ ಮನೆಯವರು ಅರ್ಧ ಕದ ತೆಗೆದು, ಆ ಹೆಸರಿನವರು ಮನೆ ಖಾಲಿ ಮಾಡಿ ಬಹಳ ಕಾಲವಾಯಿತು ಎನ್ನುತ್ತಿದ್ದರು. ಹಾಗೆ ಹೇಳುತ್ತಿದ್ದವರೇ ಎಷ್ಟೋ ಸಲ ಆ ಹೆಸರಿನವರಾಗಿರುತ್ತಿದ್ದರು. ರಾಜೀವನಗರದ ಒಬ್ಬ ಯಜಮಾನರಂತೂ ಕೈಮುಗಿದುಬಿಟ್ಟರು.

"ಮೇಡಂ, ಬೇಕಾದ್ರೆ ಪೊಲೀಸ್ ಜೀಪಲ್ಲಿ ಬನ್ನಿ, ಬೇಜಾರಿಲ್ಲ. ಕಳ್ಳ ಅಂದ್ರೆ ನಾಳೆ ಮರೀತಾರೆ. ಇದರಲ್ಲಿ ಮಾತ್ರ ಬರಬೇಡಿ. ಮಗಳ ಮದುವೆ ಆಗ್ಬೇಕು ಕಣ್ರೀ."

ಮರುವಾರದಿಂದ ನಾನು ಸಿಟಿ ಬಸ್ಸು ಹಿಡಿದೆ. ಬಸ್ಸಿನಲ್ಲಿ ಹೋದರೆ ಮನೆಗಳ ಕದವೇನೋ ತೆರೆಯುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಆ ಕಡೆಯ ಮನೆಗಳೆಂದರೆ ಒಂದರ ಬೆನ್ನಿಗೆ ಇನ್ನೊಂದು. ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿ ಕುಳಿತು ಒಬ್ಬ ತಾಯಿಗೆ, "ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ?" ಎಂದು ಕೇಳಿದೆ. "ಎಲ್ಲಿ ನಿದ್ದೆ ಮೇಡಂ, ಮಗನ್ನ ಬೈಕೊಂಡು ಕೂತಿರ್ತಾರೆ" ಎಂಬ ಉತ್ತರ ಬಂತು, ಗೋಡೆಯ ಆಚೆಯಿಂದ. ಗೋಡೆಗೆ ಕಿವಿ ಇರುತ್ತದೆಂದು ಗೊತ್ತಿತ್ತು. ಬಾಯಿಯೂ ಇರುತ್ತದೆಂದು ಅಂದು ತಿಳಿಯಿತು. ಆಸ್ಪತ್ರೆಯಲ್ಲಿಯೂ ಸುಖವಿರಲಿಲ್ಲ. ಇದ್ದದ್ದು ಒಂದು ಮೇಜು. ಒಬ್ಬರು ಕಷ್ಟ ಹೇಳಿಕೊಳ್ಳುವಾಗ ಸಾಲಿನಲ್ಲಿದ್ದ ಉಳಿದವರು ಅದೇ ಮೇಜಿಗೆ ಮೊಣಕೈ ಊರಿ ಕೇಳಿಸಿಕೊಳ್ಳುತ್ತಿದ್ದರು, ಕೆಲವರು ಸಲಹೆಯನ್ನೂ ಕೊಡುತ್ತಿದ್ದರು.

ಇಂಥ ಕಾಲದಲ್ಲಿ ನನಗೆ ಮಿಲ್ಲು ಸಿಕ್ಕಿತು. ಉದಯಗಿರಿಯ ಒಂದು ಅಡ್ಡರಸ್ತೆಯಲ್ಲಿ ವಿಳಾಸ ಕೇಳಲು ಆ ಹಿಟ್ಟಿನ ಮಿಲ್ಲಿನೊಳಗೆ ಹೋದೆ. ಮಿಲ್ಲಿನ ಸಿದ್ದಲಿಂಗಪ್ಪನವರು ಹಣೆ ತುಂಬ ವಿಭೂತಿ ಇಟ್ಟವರು. ಮೈಮೇಲೆ ಎಲ್ಲಿಯವರೆಗೆ ವಿಭೂತಿ, ಎಲ್ಲಿಂದ ಹಿಟ್ಟು ಎಂದು ಹೇಳಲಾಗುತ್ತಿರಲಿಲ್ಲ. ನನ್ನ ಪ್ರಶ್ನೆ ಅವರಿಗೆ ಕೇಳಿಸಲಿಲ್ಲ. ಅವರು ಕೈಸನ್ನೆಯಲ್ಲಿ, ನುಣ್ಣಗೆ ಬೇಕೋ ತರಿ ಬೇಕೋ ಎಂದು ಕೇಳಿದರು. ಅಷ್ಟರಲ್ಲಿ ಬೆಂಚಿನ ಮೇಲೆ ಗೋಧಿ ಡಬ್ಬ ಇಟ್ಟುಕೊಂಡು ಕುಳಿತಿದ್ದ ಹೆಂಗಸೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕಿವಿಗೆ ಬಾಯಿ ಹಚ್ಚಿ ಕೂಗಿದರು.

"ಮೇಡಂ, ನೀವು ತಲೆ ಆಸ್ಪತ್ರೆಯವರಲ್ವಾ? ನಮ್ಮ ಯಜಮಾನ್ರು ಮಲಗೋದೇ ಇಲ್ಲ. ನೆಂಟರೆಲ್ಲ ಸೇರಿ ವಿಷ ಹಾಕ್ತಾರೆ ಅಂತಾರೆ. ಏನ್ ಮಾಡ್ಲಿ?"

ಅವರು ಜರೀನಾ, ಮನೆಯಲ್ಲಿ ಊದುಬತ್ತಿ ಹೊಸೆಯುವವರು. ಆ ಬೀದಿಯಲ್ಲಿ ಯಾರಾದರೂ ತಾವಾಗಿ ನನ್ನೊಡನೆ ಬಾಯಿಬಿಟ್ಟದ್ದು ಅದೇ ಮೊದಲು. ನಾನು ಬೆದರಿ ಸುತ್ತ ನೋಡಿದೆ. ಅವರ ತೊಡೆಗೆ ತೊಡೆ ತಾಗುವಂತೆ ಕುಳಿತಿದ್ದ ಇನ್ನೊಬ್ಬರು ನಿಶ್ಚಿಂತೆಯಿಂದ ಗೋಧಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮಿಲ್ಲಿನ ಸದ್ದಿನಲ್ಲಿ ಅವರಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಇಡೀ ಉದಯಗಿರಿಯಲ್ಲಿ ಗುಟ್ಟು ಹೇಳಲು ಇದ್ದ ಒಂದೇ ಜಾಗ ಅದು ಎಂದು ನನಗೆ ಆಗಲೇ ಹೊಳೆಯಿತು. ಹೆಂಗಸರು ಅಲ್ಲಿಗೆ ಬರಲು ಯಾರ ಅಪ್ಪಣೆಯೂ ಬೇಡ, ಎಷ್ಟು ಹೊತ್ತು ಕುಳಿತರೂ ಯಾರೂ ಯಾಕೆಂದು ಕೇಳುವುದಿಲ್ಲ.

ಅಂದಿನಿಂದ ಮಂಗಳವಾರ ಮಧ್ಯಾಹ್ನ ನಾನೂ ಗೋಧಿ ಚೀಲ ಹಿಡಿದು ಹೋಗತೊಡಗಿದೆ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ನನ್ನ ಬಲಗಿವಿಗೆ ಕೂಗುವವರು ಒಬ್ಬರಾದರೆ ಎಡಗಿವಿಗೆ ಕಾಯುವವರು ಇನ್ನೊಬ್ಬರು. ಮನೆಯಲ್ಲಿ ಹಿಟ್ಟು ಗುಡ್ಡೆಯಾಯಿತು. ದಿನವೂ ಚಪಾತಿ ತಿಂದು ಬೇಸತ್ತ ನನ್ನ ಗಂಡ, "ನಿನ್ನ ರೋಗಿಗಳು ಯಾವಾಗ ಗುಣ ಆಗ್ತಾರೆ, ನಾನು ಯಾವಾಗ ಅನ್ನ ಕಾಣ್ತೀನಿ?" ಎಂದು ಕೇಳಿದರು.

ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಪ್ರಸನ್ನ. ಗರಿಗರಿ ಬಿಳಿ ಶರಟಿನ, ನಿಯಮ ತಪ್ಪದ ಮನುಷ್ಯ. ನನ್ನ ಮಿಲ್ಲಿನ ವಿಚಾರ ಅವರ ಕಿವಿಗೆ ಬಿದ್ದ ದಿನ ಕರೆಸಿ, "ರೋಗಿಯ ವಿಷಯ ಗೋಪ್ಯವಾಗಿರಬೇಕು ಅನ್ನೋದು ಗೊತ್ತಿಲ್ವೇನಮ್ಮ? ಸಂತೆಯಲ್ಲಿ ಕೂತು ಕೇಳ್ತೀರಂತೆ" ಎಂದು ಚೆನ್ನಾಗಿಯೇ ಗದರಿದರು. ಒಮ್ಮೆ ಬಂದು ನೋಡಿ ಸಾರ್ ಎಂದೆ. ಬಂದರು. ನಾನು ಜರೀನಾ ಜೊತೆ ಅವರ ಯಜಮಾನರ ಮಾತ್ರೆಯ ವಿಷಯ ಮಾತಾಡಿದೆ, ಡಾಕ್ಟರು ಎರಡು ಮಾರು ಆಚೆ ನಿಂತರು. ಆಮೇಲೆ ಹೊರಗೆ ಬಂದು, "ನಾನೇನು ಹೇಳಿದೆ ಹೇಳಿ ಸಾರ್" ಎಂದೆ. ಅವರು ಶರಟು ಕೊಡವಿಕೊಂಡು, "ಆಸ್ಪತ್ರೇಲೂ ಇಂಥದೊಂದು ಮೋಟರ್ ಹಾಕಿಸ್ಬೇಕು" ಎಂದು ಹೇಳಿ ಹೋದರು. ಲಿಖಿತ ಅಪ್ಪಣೆ ಬರಲಿಲ್ಲ, ಗದರುವುದೂ ನಿಂತಿತು. ನಮ್ಮ ಇಲಾಖೆಗಳಲ್ಲಿ ಇದಕ್ಕೆ ಒಪ್ಪಿಗೆ ಎಂದೇ ಅರ್ಥ.

ಖಾರದ ಪುಡಿ ಮಾಡಿಸುವ ದಿನಗಳಂತೂ ನಮಗೆ ಹಬ್ಬ. ಒಣಮೆಣಸಿನಕಾಯಿ ಬಿದ್ದರೆ ಮಿಲ್ಲಿನಲ್ಲಿ ಎಲ್ಲರ ಕಣ್ಣಲ್ಲೂ ಮೂಗಿನಲ್ಲೂ ನೀರು. ನಿಜವಾಗಿ ಅಳಬೇಕಾದವರು ಆ ದಿನ ಸೆರಗಿನ ಮರೆಯಿಲ್ಲದೆ ಅಳುತ್ತಿದ್ದರು. ಪಕ್ಕದಲ್ಲಿದ್ದವರು ಸೀನುತ್ತ, "ಬ್ಯಾಡಗಿ ಕಾಯಿ ಸೇರಿಸ್ಬೇಕು ಕಣಮ್ಮ, ಇಷ್ಟು ಘಾಟಿರಲ್ಲ" ಎಂದು ಅವರಿಗೆ ಸಲಹೆ ಕೊಡುತ್ತಿದ್ದರು.

ಮಾತು ಕೇಳುವ ಕ್ರಮವನ್ನೂ ನಾನು ಅಲ್ಲಿಯೇ ಬದಲಿಸಿಕೊಂಡೆ. ಮೊದಮೊದಲು ಓದಿದ್ದ ಪದ ಹಿಡಿದು, "ನಿಮಗೆ ಖಿನ್ನತೆ ಇದೆಯಾ?" ಎಂದು ಕೇಳುತ್ತಿದ್ದೆ. ಎಲ್ಲರೂ ಇಲ್ಲ ಎನ್ನುತ್ತಿದ್ದರು. ಎದೆ ಭಾರವೇ, ತಲೆ ಉರಿಯೇ, ಬೆಳಗ್ಗೆ ಏಳುವುದೇ ಬೇಡ ಅನಿಸುತ್ತದೆಯೇ ಎಂದು ಕೇಳಿದರೆ ಇಡೀ ಬೆಂಚು ಹೌದೆನ್ನುತ್ತಿತ್ತು. ಖಿನ್ನತೆಗೆ ನಮ್ಮ ಜನರ ಮೈಯಲ್ಲಿ ಬೇರೆ ಬೇರೆ ಮನೆಗಳಿವೆ. ಯಾವ ಮನೆಯ ಕದ ತಟ್ಟಬೇಕು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಪುಟ್ಟತಾಯಮ್ಮನ ಸೊಸೆಯ ವಿಷಯವನ್ನೂ ನನಗೆ ಕೂಗಿ ಹೇಳಿದ್ದು ಜರೀನಾ. ಇಬ್ಬರದೂ ಅಕ್ಕಪಕ್ಕದ ಮನೆ. ಪುಟ್ಟತಾಯಮ್ಮ ನಂಜನಗೂಡು ಕಡೆಯ ಹಳ್ಳಿಯಿಂದ ಬಂದ ಒಕ್ಕಲುತನದವರು. ಗಂಡ ತೀರಿಕೊಂಡಿದ್ದರು. ಮಗ ಕುಮಾರ ಬೀದಿಯ ಮೂಲೆಯಲ್ಲಿ ಸ್ಕೂಟರ್ ಗ್ಯಾರೇಜು ಇಟ್ಟಿದ್ದ. ಸೊಸೆ ಮಂಗಳಾಳಿಗೆ ಹೆಣ್ಣುಮಗುವಾಗಿ ಒಂದು ತಿಂಗಳೂ ಆಗಿರಲಿಲ್ಲ. ಹುಡುಗಿಗೆ ತಾಯಿ ಇಲ್ಲದ್ದರಿಂದ ಬಾಣಂತನವೂ ಅತ್ತೆಯ ಮನೆಯಲ್ಲಿಯೇ. ಅವಳು ರಾತ್ರಿ ಹಗಲು ಮಲಗುತ್ತಿಲ್ಲ, ಇದು ನನ್ನ ಮಗು ಅಲ್ಲ, ಬದಲಿಸಿಬಿಟ್ಟಿದ್ದಾರೆ ಎನ್ನುತ್ತಾಳೆ, ಯಾರೋ ಕರೆದ ಹಾಗೆ ಎದ್ದು ಬಾಗಿಲಿಗೆ ಹೋಗುತ್ತಾಳೆ ಎಂದರು ಜರೀನಾ. ಬಾಣಂತಿ ಸನ್ನಿ ಎಂದು ನಮ್ಮ ಅಜ್ಜಿಯರು ಕರೆಯುತ್ತಿದ್ದದ್ದು ಇದನ್ನೇ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬರುವ ಕಾಯಿಲೆ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಆದರೆ ಬೇಗ ಔಷಧಿ ಕೊಟ್ಟರೆ ಇದರಷ್ಟು ಚೆನ್ನಾಗಿ ಗುಣವಾಗುವ ಕಾಯಿಲೆಯೂ ನಮ್ಮಲ್ಲಿ ಕಡಿಮೆ.

ಅವರ ಮನೆಗೆ ಹೋದೆ. ಪುಟ್ಟತಾಯಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತರು.

"ನಮ್ಮನೇಲಿ ಯಾರ್ಗೂ ಏನೂ ಇಲ್ಲ. ಬಾಣ್ತಿಗೆ ವಸಿ ಸೀತ ಆಗೈತೆ, ಅಷ್ಟೇಯ."

ಅವರ ಹಿಂದೆ ನಡುಮನೆಯ ಕೋಣೆಗೆ ಹೊರಗಿನಿಂದ ಅಗುಳಿ ಹಾಕಿತ್ತು. ಸಂದಿಯಿಂದ ಬೆಳ್ಳುಳ್ಳಿ ಸಿಪ್ಪೆ, ಓಮದ ಹೊಗೆ ಬರುತ್ತಿತ್ತು. ನನಗೆ ಮೈ ಉರಿದುಹೋಯಿತು. ಆದರೂ ನಮಸ್ಕಾರ ಹೇಳಿ ಬಂದೆ. ರಾಗಿ ತಿನ್ನುವ ಮನೆಯವರು ಮಿಲ್ಲಿಗೆ ಬರದೆ ಎಲ್ಲಿಗೆ ಹೋಗುತ್ತಾರೆ.

ಮಂಗಳವಾರ ಪುಟ್ಟತಾಯಮ್ಮ ಮಗುವನ್ನು ಜರೀನಾ ಅವರ ಮಗಳ ಕೈಗೆ ಕೊಟ್ಟು ಬಂದರು. ನಾನು ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತು ಅವರ ಕಿವಿಗೆ ಕೂಗಿದೆ. ಗಾಳಿ ಬಡಿದಿದೆ, ನೀರು ಕುಡಿದಿದ್ದಾಳೆ, ಶೀತ ತಲೆಗೇರಿದೆ ಎಂದು ಅವರೂ ಕೂಗಿದರು. ನಾನು ಇಲ್ಲ ಎನ್ನಲಿಲ್ಲ. "ನಿಮ್ಮ ಕಷಾಯ ನೀವು ಕೊಡಿ, ಬೆಚ್ಚಗಿಡಿ. ಜೊತೆಗೆ ಡಾಕ್ಟರ ಮಾತ್ರೆನೂ ಇರ್ಲಿ, ಎರಡೂ ಸೇರಿ ಕೆಲಸ ಮಾಡ್ತವೆ" ಎಂದೆ. ಈ ಕೆಲಸಕ್ಕೆ ಬರುವವರಿಗೆ ಇದೊಂದು ಮಾತು ಹೇಳುತ್ತೇನೆ. ಜನರ ನಂಬಿಕೆಯ ಎದುರು ಕುಸ್ತಿಗೆ ನಿಲ್ಲಬೇಡಿ. ಅದರ ಪಕ್ಕದಲ್ಲಿ ಸ್ವಲ್ಪ ಜಾಗ ಕೇಳಿ ಕುಳಿತುಕೊಳ್ಳಿ. ಪುಟ್ಟತಾಯಮ್ಮ ತುಸು ಮೆತ್ತಗಾದಂತೆ ಕಂಡರು. ಅದೇ ಧೈರ್ಯದಲ್ಲಿ, "ನೀವು ಹತ್ತಿರ ಕೂತ್ಕೊಂಡು ಮಗೂನ ಒಂದೊಂದು ಸಲ ಅವಳಿಗೆ ತೋರಿಸಿ" ಎಂದೆ. ಅವರ ಮುಖ ಕಲ್ಲಾಯಿತು.

"ಮಗೀನ ತೋರ್ಸಕಿಲ್ಲ. ಅದೊಂದು ಕೇಳ್ಬ್ಯಾಡಿ."

ಹಿಟ್ಟು ತೆಗೆದುಕೊಂಡು ಎದ್ದು ಹೋದರು. ಸೊಸೆಯರನ್ನು ಕಾಡುವ ಅತ್ತೆಯರನ್ನು ನಾನು ಸಾಕಷ್ಟು ನೋಡಿದ್ದೆ. ಇವರೂ ಅದೇ ಜಾತಿಯ ಘಟವಾಣಿ ಎಂದುಕೊಂಡೆ.

ಮುಂದಿನ ಮಂಗಳವಾರ ನಾನು ಮಿಲ್ಲಿನೊಳಗೆ ಕಾಲಿಡುವಾಗಲೇ ಜರೀನಾ ಓಡಿ ಬಂದರು. ನಾಳೆ ಮಂಗಳಾಳ ಅಣ್ಣ ಬರುತ್ತಾನಂತೆ. ಹುಡುಗಿಯನ್ನು ಕರೆದುಕೊಂಡು ಹೋಗುತ್ತಾನಂತೆ. ಮಗು ಇಲ್ಲಿಯೇ. ಅಣ್ಣನ ಹೆಂಡತಿ ಈಗಲೇ, ಅವಳನ್ನು ಹಿತ್ತಲ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಡುತ್ತೇನೆ, ಊಟ ಅಲ್ಲಿಗೇ ಎಂದಿದ್ದಾಳಂತೆ. ನಿದ್ದೆಯಿಲ್ಲದ, ಔಷಧಿಯಿಲ್ಲದ ಆ ಹುಡುಗಿಯನ್ನು ನೋಡಿಕೊಳ್ಳುವವರಿಲ್ಲದ ಕಡೆ ಬಿಟ್ಟರೆ ಜೀವದಿಂದ ಹಿಂದಿರುಗುವುದು ಕಷ್ಟ. ಬೆಂಚಿನ ಆ ತುದಿಯಲ್ಲಿ ಪುಟ್ಟತಾಯಮ್ಮ ರಾಗಿ ಚೀಲದ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು. ಪಕ್ಕಕ್ಕೆ ಹೋಗಿ ಕುಳಿತೆ. ನನ್ನ ತಾಳ್ಮೆ, ತರಬೇತಿ ಎರಡೂ ಮುಗಿದಿದ್ದವು.

"ನಾಳೆ ಅವಳನ್ನ ಕಳಿಸ್ಬೇಡಿ ಪುಟ್ಟತಾಯಮ್ಮ. ಅಲ್ಲಿ ಒಂಟಿ ಬಿಟ್ರೆ ಜೀವಕ್ಕೇ ಏನಾದ್ರೂ ಮಾಡ್ಕೋತಾಳೆ."

"ಇಲ್ಲಿದ್ರೆ ಮಗೀಗ್ ಮಾಡ್ತಾಳೆ."

"ಅವಳು ಹೆತ್ತ ತಾಯಿ ಕಣ್ರೀ."

"ಎತ್ತೋಳು ಅಂತ್ಲೇ ಏಳ್ತಿರದು."

"ಹೆತ್ತವಳ ಸಂಕಟ ನಿಮಗೇನು ಗೊತ್ತು?" ಎಂದು ಕೂಗಿದೆ. ಗಂಡುಮಗನನ್ನು ಹೆತ್ತು ಸಾಕಿದವರಿಗೆ ಹೇಳುವ ಮಾತೇ ಅದು. ಸಿಟ್ಟಿನಲ್ಲಿ ಬಂದುಬಿಟ್ಟಿತ್ತು.

ಅವರು ಕಣ್ಣು ಮುಚ್ಚಿಕೊಂಡು ನನ್ನ ಕಿವಿಗೆ ಬಾಯಿ ತಂದರು. ಆಗಲೇ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ಅದರಲ್ಲಿ ವಿಶೇಷವಿಲ್ಲ. ಬೆಲ್ಟು ನಿಧಾನವಾಯಿತು, ಮೋಟರಿನ ಸದ್ದು ಇಳಿಯಿತು. ಪುಟ್ಟತಾಯಮ್ಮನಿಗೆ ಅದು ಗೊತ್ತಾಗಲಿಲ್ಲ. ಅದೇ ದನಿಯಲ್ಲಿ ಕೂಗುತ್ತಲೇ ಇದ್ದರು.

"ನಂಗಲ್ದೆ ಇನ್ಯಾರ್ಗ್ ಗೊತ್ತು? ಕುಮಾರನ್ನ ಎತ್ತಾಗ ನಂಗೂ ಇಂಗೇ ಆಗಿತ್ತು. ಅವನ್ನ ಎತ್ಕೊಂಡು ಬಾವಿಗಂಟ ಓಗಿದ್ದೆ."

ಕೊನೆಯ ಮಾತು ಬರುವ ಹೊತ್ತಿಗೆ ಮಿಲ್ಲು ಪೂರ್ತಿ ನಿಂತಿತ್ತು. ಬೆಂಚಿನ ಮೇಲಿದ್ದ ಎಲ್ಲರಿಗೂ ಕೇಳಿಸಿತು, ಹೊರಗೆ ಕಟ್ಟೆಯ ಮೇಲಿದ್ದವರಿಗೂ ಕೇಳಿಸಿತು. ಕುಮಾರನನ್ನು ಅರಿಯದವರು ಆ ಬೀದಿಯಲ್ಲಿ ಇರಲಿಲ್ಲ. ಅಲ್ಲಿದ್ದವರ ಮನೆಯ ಸ್ಕೂಟರುಗಳೆಲ್ಲ ಓಡುತ್ತಿದ್ದದ್ದೇ ಅವನ ಕೈಯಿಂದ. ಪುಟ್ಟತಾಯಮ್ಮ ಕಣ್ಣು ಬಿಟ್ಟರು. ಏನಾಯಿತೆಂದು ತಿಳಿದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮೊದಲು ಮಾತಾಡಿದ್ದು ಜರೀನಾ. ಅವರ ಸಹಜವಾದ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಬಹಳ ಮೃದುವಾದ ದನಿ.

"ಅಕ್ಕ, ನಂಗೂ ಎರಡನೇ ಮಗು ಆದಾಗ ಹಂಗೇ ಆಗಿತ್ತು. ಅಮ್ಮಿ ಯಾರಿಗೂ ಹೇಳ್ಬೇಡ ಅಂದಿದ್ರು."

"ನಮ್ ತಂಗೀಗೂ ಆಗಿತ್ತು" ಎಂದರು ಗೋಧಿ ಹಸನು ಮಾಡುತ್ತಿದ್ದ ವಯಸ್ಸಾದ ಹೆಂಗಸು. ಆಮೇಲೆ ಮೊರ ಕೆಳಗಿಟ್ಟು, "ಅವ್ಳು ಉಳೀಲಿಲ್ಲ ಬುಡಿ" ಎಂದರು.

ಸಿದ್ದಲಿಂಗಪ್ಪನವರು ಎಂದೂ ಮಾತಾಡಿದವರಲ್ಲ. ಅವರು ಕೈ ಒರೆಸಿಕೊಂಡು, "ಕರೆಂಟ್ ಬರಕ್ಕೆ ಹೊತ್ತಾಯ್ತದೆ. ಕೂತ್ಕೊಂಡ್ ಮಾತಾಡ್ರವ್ವ" ಎಂದು ಹೊರಗೆ ಹೋಗಿ, ನಮಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕುಳಿತರು.

ಪುಟ್ಟತಾಯಮ್ಮ ಹೇಳಿದರು. ಬಾವಿಯ ಕಟ್ಟೆಯಿಂದ ಅವರನ್ನು ಅವರ ಅತ್ತೆ ಜಡೆ ಹಿಡಿದು ಹಿಂದಕ್ಕೆ ಎಳೆದಿದ್ದರು. ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದರು. ಮಗು ನಡೆದಾಡುವವರೆಗೂ ಅವರ ಕೈಗೆ ಕೊಡಲಿಲ್ಲ. "ಅಷ್ಟೊತ್ಗೆ ಅವ್ನು ಅಜ್ಜೀನೇ ಅವ್ವ ಅಂತಿದ್ದ. ನನ್ ಕಂಡ್ರೆ ಅಳೋನು. ಆದ್ರೂ ಮಗ ಉಳೀತಲ್ಲ. ಅದ್ಕೇ ನಾನೂ ಅಂಗೇ ಮಾಡ್ದೆ" ಎಂದರು. ನಾನು ಕ್ರೌರ್ಯ ಎಂದುಕೊಂಡದ್ದು ಭಯ. ಆ ಕಾಯಿಲೆ ಏನು ಮಾಡಿಸಬಲ್ಲದು ಎಂದು ಆ ಮನೆಯಲ್ಲಿ ಸರಿಯಾಗಿ ತಿಳಿದಿದ್ದವರು ಅವರೊಬ್ಬರೇ, ಮಗುವನ್ನು ಉಳಿಸಲು ಅವರು ಕಂಡಿದ್ದ ದಾರಿಯೂ ಅದೊಂದೇ. ನನಗೆ ಅಳು ಬಂತು. ಅಂದು ನೆಪಕ್ಕೆ ಮೆಣಸಿನಕಾಯಿಯೂ ಇರಲಿಲ್ಲ.

"ನಿಮಗೆ ಆವಾಗ ಮಾತ್ರೆ ಇರಲಿಲ್ಲ ಪುಟ್ಟತಾಯಮ್ಮ" ಎಂದೆ. "ಅವಳಿಗೆ ಇದೆ. ಮಗೂನ ನೀವೇ ಇಟ್ಕೊಳ್ಳಿ, ಅವಳ ಕಣ್ಣೆದುರಿಗೇ ಇಟ್ಕೊಳ್ಳಿ. ಕೊಡೋ ಕಾಲ ಬಂದಾಗ ಡಾಕ್ಟ್ರು ಹೇಳ್ತಾರೆ."

ಅವರು ಸ್ವಲ್ಪ ಹೊತ್ತು ರಾಗಿ ಚೀಲದ ಬಾಯಿ ಬಿಚ್ಚುತ್ತ ಕಟ್ಟುತ್ತ ಇದ್ದರು. ಆಮೇಲೆ, "ಊರ್ಗೆಲ್ಲ ಗೊತ್ತಾದ್ಮೇಲೆ ಇನ್ನೇನ್ ಮುಚ್ಕಳದು. ನಡೀರಿ" ಎಂದು ಎದ್ದರು. ಚೀಲ ಅಲ್ಲಿಯೇ ಉಳಿಯಿತು. ಜರೀನಾ ಆಟೋ ಕರೆತಂದರು.

ಡಾಕ್ಟರ್ ಪ್ರಸನ್ನ ಮಂಗಳಾಳನ್ನು ಅಂದೇ ದಾಖಲು ಮಾಡಿಕೊಂಡರು. ವಾರ್ಡಿನಲ್ಲಿ ಹಸುಗೂಸು ಇಟ್ಟುಕೊಳ್ಳುವ ನಿಯಮವಿಲ್ಲ ಎಂದು ಸಿಸ್ಟರ್ ತಕರಾರು ತೆಗೆದಾಗ, ನಿಯಮ ತಪ್ಪದ ಅದೇ ಮನುಷ್ಯ, "ಮಗು ದಾಖಲಾಗಿಲ್ಲಮ್ಮ, ಅಜ್ಜಿ ಜೊತೆ ನೋಡಕ್ಕೆ ಬಂದಿದೆ" ಎಂದರು. ಆ ನೋಡಲು ಬಂದ ಮಗು ಮಂಗಳಾ ಬಿಡುಗಡೆಯಾಗುವವರೆಗೂ ಅಲ್ಲಿಯೇ ಇತ್ತು.

ನನಗಿದ್ದ ಚಿಂತೆ ಕುಮಾರನದು. ತಾಯಿಯ ಮಾತು ಗ್ಯಾರೇಜಿಗೆ ಮುಟ್ಟಿಯೇ ಇರುತ್ತದೆ. ಸಂಜೆ ಅವನು ಗ್ರೀಸು ಮೆತ್ತಿದ ಕೈಯಲ್ಲೇ ಆಸ್ಪತ್ರೆಗೆ ಬಂದ. ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. ಅವನು ಹೆಂಡತಿಯನ್ನು ನೋಡಿದ, ಮಗುವನ್ನು ನೋಡಿದ, ತಾಯಿಯ ಎದುರು ಬಂದು ನಿಂತ.

"ಬೆಳಗಿಂದ ಏನಾದ್ರೂ ತಿಂದ್ಯೇನವ್ವ?" ಎಂದ. ಅಷ್ಟೇ ಕೇಳಿದ್ದು.

ಆ ಬೀದಿಯ ಹೆಂಗಸರು ಆಮೇಲೆ ತಾವೇ ಒಂದು ರೂಢಿ ಮಾಡಿಕೊಂಡರು. ಯಾರ ಮನೆಯಲ್ಲಿ ಹೆರಿಗೆಯಾದರೂ ಒಬ್ಬರಾದರೂ ಒಳಗೆ ಹೋಗಿ, ಮಗುವಿನ ಮುಖ ನೋಡುವ ಮೊದಲು ಬಾಣಂತಿಯ ಪಕ್ಕ ಕುಳಿತು, ನಿನಗೆ ನಿದ್ದೆ ಬರುತ್ತಿದೆಯೇ ಎಂದು ಕೇಳಿ ಬರುವುದು. ಎಷ್ಟೋ ಹುಡುಗಿಯರು ಕಾಯಿಲೆ ಜೋರಾಗುವ ಮೊದಲೇ ನಮ್ಮಲ್ಲಿಗೆ ಬಂದರು. ಎರಡು ಸಾವಿರದ ಇಸವಿಯ ಈಚೆಗೆ ನಮಗೂ ಪರದೆ ಹಾಕಿದ, ಬಾಗಿಲು ಮುಚ್ಚುವ ಕೋಣೆ ಕೊಟ್ಟರು. ಮೊಬೈಲು ಬಂತು. ಜನ ಪ್ಯಾಕೆಟ್ ಹಿಟ್ಟು ಕೊಳ್ಳತೊಡಗಿದರು, ಮಿಲ್ಲಿನ ಬೆಂಚು ತೆರವಾಯಿತು. ಹೊಸ ಕೋಣೆ ಚೆನ್ನಾಗಿಯೇ ಇತ್ತು. ಅಲ್ಲಿ ಒಬ್ಬರ ಕಷ್ಟ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ, ಅದೇ ಒಂದು ಕೊರತೆ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಆ ಸಲ ವಾರ್ಡಿನಲ್ಲಿ ಮಂಗಳಾಳಿಗೆ ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಕೆಲವು ವಾರಗಳಲ್ಲಿ ಮಗು ತನ್ನದೇ ಎಂಬ ತಿಳಿವೂ ಬಂತು, ಅದರ ಜೊತೆಗೇ ಹೆದರಿಕೆಯೂ ಬಂತು. ಇನ್ನು ಮಗುವನ್ನು ಕೊಡಬಹುದು ಎಂದು ಡಾಕ್ಟರು ಹೇಳಿದ ಮಧ್ಯಾಹ್ನ ನಾನೂ ಅಲ್ಲಿದ್ದೆ. ಪುಟ್ಟತಾಯಮ್ಮ ಮಗುವನ್ನು ಮುಂದೆ ಹಿಡಿದರೆ ಮಂಗಳಾ ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಸರಿದಳು.

"ಬೇಡ ಅತ್ತೆ. ನಾನೇನಾದ್ರೂ ಮಾಡ್ಬುಟ್ರೆ?"

ಇಂಥ ಹೊತ್ತಿಗೆಂದು ನನ್ನಲ್ಲಿ ಒಳ್ಳೊಳ್ಳೆಯ ಮಾತುಗಳು ತಯಾರಿದ್ದವು. ಪುಟ್ಟತಾಯಮ್ಮ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ವಾರ್ಡಿನ ಬಾಗಿಲಿನಲ್ಲಿ ಕುಮಾರ ಕ್ಯಾರಿಯರ್ ಹಿಡಿದುಕೊಂಡು ಚಪ್ಪಲಿ ಬಿಡುತ್ತಿದ್ದ. ಅವರು ಗದ್ದದಿಂದ ಆ ಕಡೆ ತೋರಿಸಿದರು.

"ಅಲ್ನೋಡವ್ವ. ನಾನು ಬಾವಿಗಂಟ ಎತ್ಕೊಂಡೋಗಿದ್ ಮಗ ಅದೇಯ. ಬೆಳ್ದು ಗಂಡ್ಸಾಗಿ ನಿಂಗೆ ಊಟ ತಂದೈತೆ. ಇಡ್ಕೊ ನಿನ್ ಮಗೀನ."

ಮಂಗಳಾ ಗಂಡನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಂಚದ ಮೇಲೆ ಕಾಲು ಮಡಿಸಿ ಕುಳಿತು, ಸೆರಗು ಹರಡಿ ಮಡಿಲು ಮಾಡಿಕೊಂಡಳು.